ಆರ್ವಲ್ ಪ್ರಾಪ್ಸ್ಟನ ಹಸಿರು ಚುಕ್ಕಿ

ಭಾನುವಾರ ಚರ್ಚ್ ಮುಗಿಸಿ ಬಂದ ಡೆನ್ಜಿಲ್ ಟೀಟರ್, ವಿಲ್ಡಾ ಆರ್ಬೊಗಾಸ್ಟಳ ಜಗಲಿಯಲ್ಲಿ ತನ್ನ ಮಾಮೂಲು ಕುರ್ಚಿಯಲ್ಲಿ ಕೂತು ಪೆಪ್ಪರೋನಿ ರೋಲ್ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಟೆಸ್ಸಾ ಲ್ಯಾಂಬರ್ಟಳ ಹಳೇ ಪಿಕಪ್ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಹುಡುಗಿ ಇಳಿದು ಬಂದ ರೀತಿ ನೋಡಿದರೆ ಅತ್ತು ಮುಗಿಸಿಯೇ ಮನೆ ಬಿಟ್ಟಂತಿತ್ತು. ಡೆನ್ಜಿಲನಿಗೆ ಅಯ್ಯೋ ಅನ್ನಿಸಿತು. ಆದರೆ ಅವಳು ತನ್ನ ಕಡೆ ಕಣ್ಣೂ ಹಾಯಿಸದೆ ನೇರ ವಿಲ್ಡಾಳ ಮುಂದೆ ಹೋಗಿ ನಿಂತಾಗ ಆ ಕನಿಕರದ ಜೊತೆಗೇ ಹೊಟ್ಟೆಯಲ್ಲಿ ಸಣ್ಣದೊಂದು ಕಿಚ್ಚೂ ಹೊತ್ತಿಕೊಂಡಿತು.

ಈ ಕಿಚ್ಚು ಅವನಿಗೆ ಹೊಸದಲ್ಲ. ವಿಲ್ಡಾ ಬೇಟೆ ವಾರ್ಡನ್ ಆಗಿ ಈ ಲಾರೆಲ್ ಫೋರ್ಕ್ ಕಣಿವೆಯ ಕಳ್ಳಬೇಟೆಗಾರರನ್ನೆಲ್ಲ ನಡುಗಿಸಿ ನಿವೃತ್ತಳಾದವಳು. ಈಗಲೂ ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಬೇಲಿ ಯಾರು ಮುರಿದರೂ ಜನ ಬರುವುದು ಅವಳ ಬಳಿಗೆ. ಅವಳ ಮೊಣಕಾಲು ಕೈಕೊಟ್ಟ ಮೇಲೆ ಅವಳನ್ನು ಗಾಡಿಯಲ್ಲಿ ಕರೆದೊಯ್ಯುವ ಕೆಲಸ ಡೆನ್ಜಿಲನದು. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದ ಅವನಿಗೆ ಅದೇನು ಕಷ್ಟದ ಕೆಲಸವಲ್ಲ. ಕಷ್ಟವೆಂದರೆ ಪ್ರತಿ ಸಲ ಗುಟ್ಟು ರಟ್ಟಾದ ಮೇಲೆ ಊರಿನವರು ವಿಲ್ಡಾಳ ಕೈ ಕುಲುಕಿ, ಅವನ ಹತ್ತಿರ ಬಂದು ರಸ್ತೆ ಹೇಗಿತ್ತು ಎಂದು ಕೇಳುವುದು.

"ಮಿಸ್ ವಿಲ್ಡಾ, ನನ್ನ ಕೆಲಸ ಹೋಗುತ್ತೆ," ಅಂದಳು ಟೆಸ್ಸಾ. "ಡಾರ್ಸಿ ಹಿಂಕಲ್ ಇನ್ನು ಬೆಂಚಿನ ಹತ್ತಿರ ಬರಬೇಡ ಅಂದುಬಿಟ್ಟಿದ್ದಾರೆ. ಬುಧವಾರ ಗುರಿಕಾರರ ಕ್ಲಬ್ಬಿನವರೆಲ್ಲ ಸೇರ್ತಾರೆ. ಅಲ್ಲಿ ನನ್ನ ಹೆಸರು ಕೆಟ್ಟರೆ ಈ ಕಣಿವೇಲಿ ಯಾರೂ ನನ್ನ ಕೈಗೆ ಒಂದು ಸ್ಕ್ರೂನೂ ಕೊಡಲ್ಲ."

ಡಾರ್ಸಿ ಹಿಂಕಲನದು ಊರಿನ ಒಂದೇ ಬಂದೂಕಿನಂಗಡಿ. ಟೆಸ್ಸಾ ಅಲ್ಲಿ ಹಿಂದಿನ ಕೋಣೆಯ ರಿಪೇರಿ ಬೆಂಚಿನಲ್ಲಿ ಕೆಲಸ ಕಲಿತವಳು. ಹೊಸ ವರ್ಷಕ್ಕೆ ಆ ಬೆಂಚನ್ನು ಪೂರ್ತಿ ಅವಳಿಗೇ ಬಿಟ್ಟುಕೊಡುವುದಾಗಿ ಡಾರ್ಸಿ ಹೇಳಿದ್ದ. ಅಷ್ಟರಲ್ಲಿ ಶನಿವಾರದ ಟರ್ಕಿ ಪಂದ್ಯ ಬಂತು. ವಿಲ್ಡಾ ತಂಗಿಯ ಊರಿಗೆ ಹೋಗಿದ್ದಳು, ಕರೆದೊಯ್ದವನು ಡೆನ್ಜಿಲನೇ ಆದ್ದರಿಂದ ಇಬ್ಬರೂ ಪಂದ್ಯ ನೋಡಿರಲಿಲ್ಲ. ಹಲಗೆಗೆ ಅಂಟಿಸಿದ ಕಾಗದದ ನಡುವಿಗೆ ಯಾರು ಹತ್ತಿರ ಗುಂಡು ಹೊಡೆಯುತ್ತಾರೋ ಅವರಿಗೆ ಹಬ್ಬದ ಟರ್ಕಿ ಕೋಳಿ ಸಿಗುತ್ತದೆ. ಹಲಗೆಗೇ ತಾಗದಂತೆ ಹೊಡೆದವನ ಅಂಗಿಯ ಹಿಂಭಾಗದ ತುದಿಯನ್ನು ಎಲ್ಲರೆದುರು ಕತ್ತರಿಸಿ, ಕ್ಲಬ್ಬಿನ ಗೋಡೆಗೆ ಹೆಸರು ಸಮೇತ ಮೊಳೆ ಹೊಡೆಯುತ್ತಾರೆ. ಎಷ್ಟೋ ಗಂಡಸರ ಅಂಗಿ ತುಂಡುಗಳು ಆ ಗೋಡೆಯಲ್ಲಿವೆ. ಕಣಿವೆಯ ಹಳೇ ಗುರಿಕಾರ ಆರ್ವಲ್ ಪ್ರಾಪ್ಸ್ಟನದು ಮಾತ್ರ ಇರಲಿಲ್ಲ.

"ಈಗ ಅದೂ ಇದೆ," ಅಂದಳು ಟೆಸ್ಸಾ, ಮೂಗು ಒರೆಸಿಕೊಂಡು.

ಅವಳು ಹೇಳಿದ ಕತೆ ಇಷ್ಟು. ಆರ್ವಲನ ಕಣ್ಣಿನ ನಡುಭಾಗ ಎರಡು ವರ್ಷದಿಂದ ಮಸುಕು. ನಳಿಗೆಯ ಮೇಲಿನ ಗುರಿಮೊನೆ ಕಾಣುವುದಿಲ್ಲ, ದುರ್ಬೀನು ಹಾಕಿದರೂ ಮಂಜು ಮಂಜು. ಡಾರ್ಸಿ ಒಂದು ದುಬಾರಿ ದುರ್ಬೀನು ತರಿಸಿಕೊಡುತ್ತೇನೆಂದು ಗಂಟು ಬಿದ್ದಿದ್ದ. ಆರ್ವಲ್ ಮಾತ್ರ ಟೆಸ್ಸಾಳ ಹತ್ತಿರ ಬಂದು, ತನ್ನ ಪಿಂಚಣಿಗೆ ಎಟಕುವಂಥ ಒಂದು ಲೇಸರ್ ಇದೆಯೇ ಎಂದು ಕೇಳಿದ. ನಳಿಗೆಗೆ ಕಟ್ಟಿಕೊಂಡರೆ ಓರೆಗಣ್ಣಿಗೂ ಕಾಣುವಂಥ ಬೆಳಕಿನ ಚುಕ್ಕಿ ಹೋಗಿ ಹಲಗೆಯ ಮೇಲೆ ಕೂರುತ್ತದೆ, ಚುಕ್ಕಿ ಕೂತ ಕಡೆ ಗುಂಡು ಹೋಗುತ್ತದೆ. ಕೆಂಪು ಚುಕ್ಕಿ ಹಗಲಲ್ಲಿ ಕರಗಿಹೋಗುತ್ತದೆಂದು ಟೆಸ್ಸಾ ಹಸಿರಿನದನ್ನು ಆರಿಸಿದಳು. ಆರ್ವಲನ ಅಪ್ಪನ ಕಾಲದ, ಸಣ್ಣ ಗುಂಡಿನ ಇಪ್ಪತ್ತೆರಡರ ರೈಫಲ್ಲಿಗೆ ಅದನ್ನು ಕೂರಿಸುವ ಪಟ್ಟಿ ಇರಲಿಲ್ಲವಾದ್ದರಿಂದ ನಳಿಗೆಯನ್ನೇ ಅಪ್ಪಿ ಹಿಡಿಯುವ ಒಂದು ಬಿಗಿಪಟ್ಟಿ ಹುಡುಕಿ ತಂದಳು. ಸ್ಕ್ರೂಗಳಿಗೆ ಅಂಟು ಹಾಕಿ ಬಿಗಿದಳು. ಆಮೇಲೆ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೊಂದು ಬಿಳಿ ಬಣ್ಣದ ಗೆರೆ ಎಳೆದಳು.

"ಆ ಗೆರೆ ಯಾಕೆ?" ಅಂತ ಡೆನ್ಜಿಲ್ ಕೇಳಿದ. ತಾನೂ ಇದ್ದೇನೆ ಎಂದು ತೋರಿಸಬೇಕಿತ್ತಲ್ಲ.

"ಸ್ಕ್ರೂ ಒಂಚೂರು ತಿರುಗಿದರೂ ಗೆರೆ ಮುರಿಯುತ್ತೆ. ಬೆಂಚಿನಲ್ಲಿ ಕೆಲಸ ಮಾಡೋರೆಲ್ಲ ಹಾಕ್ತಾರೆ. ಗಾರ್ಲಂಡೂ ಅವತ್ತು ಇದನ್ನೇ ಕೇಳಿದ್ದ, ಅವನಿಗೂ ಹೇಳಿದೆ."

ಗಾರ್ಲಂಡ್ ಆರ್ವಲನ ಮಗ. ಹೋದ ಬುಧವಾರ ಕ್ಲಬ್ಬಿನ ಮೈದಾನದಲ್ಲಿ ಅಪ್ಪ, ಮಗ, ಟೆಸ್ಸಾ ಮೂವರೇ ಇದ್ದು ಲೇಸರಿನ ಚುಕ್ಕಿಯನ್ನು ಗುಂಡಿಗೆ ಹೊಂದಿಸಿ, ಹೊಂದಿಸುವ ಸ್ಕ್ರೂಗಳಿಗೂ ಗೆರೆ ಎಳೆದಿದ್ದರು. ಮುದುಕ ಹೊಡೆದ ಗುಂಡುಗಳೆಲ್ಲ ಒಂದು ಜಾಮ್ ಬಾಟಲಿಯ ಮುಚ್ಚಳದೊಳಗೆ ಕೂತಿದ್ದವು. ಹೆಂಡತಿ ರೀವಾಳನ್ನು ಅವನು ಕರೆತಂದಿರಲಿಲ್ಲ, ಇನ್ನು ಮೇಲೆ ಅವಳಿಗೆ ಈ ಚಳಿಯ ಸಹವಾಸ ಬೇಡ ಅಂದಿದ್ದನಂತೆ. ಆಮೇಲೆ ರೈಫಲ್ ಮನೆಯ ಕಪಾಟು ಸೇರಿತು, ಲೇಸರಿನ ಜೊತೆ ಬಂದ ಪುಟ್ಟ ಸ್ಕ್ರೂ ಕೀಲಿಯೂ ಅದೇ ಕಪಾಟಿನಲ್ಲಿ. ಕಪಾಟಿನ ಬೀಗದಕೈ ಅಡುಗೆಮನೆಯ ಮೊಳೆಯಲ್ಲಿ. ಶನಿವಾರ ಆರ್ವಲ್ ಚುಕ್ಕಿಯನ್ನು ನಡುವಿಗಿಟ್ಟು ಹೊಡೆದ. ಗುಂಡು ಹಲಗೆಗೇ ತಾಗಲಿಲ್ಲ. ಮತ್ತೆ ಹೊಡೆದ, ಮತ್ತೂ ತಾಗಲಿಲ್ಲ. ಪಂದ್ಯದ ಮೇಲ್ವಿಚಾರಣೆ ಮಾಡುತ್ತಿದ್ದ ಡಾರ್ಸಿ ಬಂದೂಕು ಕೆಳಗಿಡಿಸಿ, ಅಗ್ಗದ ಸಾಮಾನು ಅಲುಗಾಡಿ ಸಡಿಲವಾಗಿದೆ, ಕೂರಿಸಿದವಳಿಗೆ ಕೂರಿಸಲು ಬಂದಿಲ್ಲ, ಮಕ್ಕಳು ಮರಿ ನಿಂತ ಕಡೆ ಗುಂಡು ಹೋಗಿದ್ದರೆ ಗತಿಯೇನು ಎಂದು ಎಲ್ಲರೆದುರು ಕೂಗಾಡಿದ.

"ಬುಧವಾರದಿಂದ ಶನಿವಾರದೊಳಗೆ ಆ ಮನೆಗೆ ಯಾರ್ಯಾರು ಹೋಗಿದ್ರು?" ಎಂದು ವಿಲ್ಡಾ ಕೇಳಿದಳು.

ಗುರುವಾರ ಡಾರ್ಸಿ ತನ್ನ ದುರ್ಬೀನು ಹೊತ್ತು ಹೋಗಿದ್ದ. ಶುಕ್ರವಾರ ಗಾರ್ಲಂಡ್ ಊಟಕ್ಕೆ ಹೋಗಿದ್ದ. ಅದೇ ಸಂಜೆ ಟೆಸ್ಸಾ ಕೂಡ ಲೇಸರಿಗೆ ಇನ್ನೊಂದು ಬ್ಯಾಟರಿ ಕೊಡಲು ಹೋಗಿದ್ದಳು.

ಹುಡುಗಿ ಹೊರಟುಹೋದ ಮೇಲೆ ಡೆನ್ಜಿಲ್ ತೀರ್ಪು ಕೊಟ್ಟೇಬಿಟ್ಟ. "ಡಾರ್ಸಿ ಹಿಂಕಲ್. ಬೇರೆ ಮಾತೇ ಇಲ್ಲ."

"ಯಾಕೆ?"

"ಅವನ ದುರ್ಬೀನು ಮಾರಾಟ ಆಗಲಿಲ್ಲ. ಅದೂ ಅಲ್ಲದೆ ಅವನ ಮುಖ ನೋಡು."

"ಮುಖದಲ್ಲೇನಿದೆ? ಹೋದ ವಾರ ಅವನು ನನಗೆ ಬ್ಲ್ಯಾಕ್‌ಬೆರಿ ಜಾಮ್ ತಂದುಕೊಟ್ಟ ಅನ್ನೋದು ಬಿಟ್ಟರೆ?"

ಅಗ್ನಿಶಾಮಕ ಠಾಣೆಯ ಸಭಾಂಗಣದ ಊಟದ ದಿನ ಡಾರ್ಸಿ ವಿಲ್ಡಾಳ ಜೊತೆ ಎರಡು ಸಲ ಕುಣಿದದ್ದೂ ಡೆನ್ಜಿಲನಿಗೆ ನೆನಪಿತ್ತು. ಆ ಮೊಣಕಾಲಿಟ್ಟುಕೊಂಡು ಅವಳು ಕುಣಿದಳಲ್ಲ ಎಂಬುದು ಇನ್ನೂ ಅವನಿಗೆ ಅರಗಿರಲಿಲ್ಲ.

ಸೋಮವಾರ ಅವರು ಕ್ಲಬ್ಬಿನ ಮೈದಾನಕ್ಕೆ ಹೋದರು. ರೈಫಲನ್ನು ಶನಿವಾರದಿಂದ ತನ್ನ ವಶದಲ್ಲಿಟ್ಟುಕೊಂಡಿದ್ದ ಗಾರ್ಲಂಡ್ ಅದನ್ನು ತಂದಿದ್ದ. ಅವನು ಎತ್ತರದ, ಗೊಣಗುವ ಸ್ವಭಾವದ ಮನುಷ್ಯ. ಅಪ್ಪ ಇನ್ನು ಬಂದೂಕು ಬಿಡುವುದೇ ಒಳ್ಳೆಯದೆಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ತಾತನ ರೈಫಲ್ ತನಗೆ ಬರಬೇಕಾದದ್ದು, ಬರುವುದಂತೂ ಬರುತ್ತದೆ, ಅವಸರವೇನಿಲ್ಲ ಎಂದೂ ಸೇರಿಸಿದ. ಅವಸರವಿಲ್ಲ ಅನ್ನುವವರಿಗೇ ಅವಸರ ಜಾಸ್ತಿ ಎಂದು ಡೆನ್ಜಿಲ್ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ವಿಲ್ಡಾ ಊರುಗೋಲಿನ ಮೇಲೆ ಭಾರ ಹಾಕಿ ಹಲಗೆಯ ತನಕ ನಡೆದಳು. ಹಲಗೆಯ ಎಡಕ್ಕೆ ಮತ್ತು ಹಿಂದಕ್ಕೆ ಎತ್ತರದ ಮಣ್ಣಿನ ದಿಬ್ಬ. ಬಲಕ್ಕೆ ದಿಬ್ಬ ತಗ್ಗಾಗುತ್ತಾ ಹೋಗಿ, ಅದರಾಚೆ ಪಂದ್ಯದ ದಿನ ಗಾಡಿಗಳು ನಿಲ್ಲುವ, ಹೆಂಗಸರು ಮಕ್ಕಳು ಊಟ ಹಂಚುವ ಬಯಲು. ಎಡ ದಿಬ್ಬದಲ್ಲಿ, ಹಲಗೆಯ ನಡುಭಾಗದಷ್ಟೇ ಎತ್ತರದಲ್ಲಿ, ಒಂದಕ್ಕೊಂದು ತಾಗಿಕೊಂಡು ಎರಡು ತೂತು. ವಿಲ್ಡಾ ಅವೆರಡನ್ನೂ ಒಂದೇ ಹೆಬ್ಬೆರಳಿನಿಂದ ಮುಚ್ಚಿ ತೋರಿಸಿದಳು.

ಆಮೇಲೆ ರೈಫಲ್ ನೋಡಿದಳು. ನಳಿಗೆಯ ಬಿಗಿಪಟ್ಟಿಯ ಸ್ಕ್ರೂಗಳ ಬಿಳಿ ಗೆರೆಗಳು ನೆಟ್ಟಗೆ, ಎಳೆದ ಹಾಗೇ ಇದ್ದವು. ಲೇಸರಿನ ಮೈಮೇಲೆ ಚುಕ್ಕಿಯನ್ನು ಸರಿಸುವ ಎರಡು ಪುಟ್ಟ ಸ್ಕ್ರೂಗಳಿದ್ದವು. ಮೇಲೆ ಕೆಳಗೆ ಸರಿಸುವುದರ ಗೆರೆ ಸರಿಯಾಗಿತ್ತು. ಎಡಬಲಕ್ಕೆ ಸರಿಸುವುದರ ಗೆರೆ ಮುರಿದು, ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ನೋಡುತ್ತಿತ್ತು.

"ಯಾರೋ ಬೇಕಂತಲೇ ತಿರುಗಿಸಿದ್ದಾರೆ," ಅಂದ ಡೆನ್ಜಿಲ್. "ಡಾರ್ಸಿ."

"ಇನ್ನೊಂದ್ಸಲ ಆ ಹೆಸರು ಹೇಳಿದರೆ ಆ ಜಾಮ್ ನಿನ್ನ ಬ್ರೆಡ್ಡಿಗೇ ಸವರ್ತೀನಿ," ಅಂದಳು ವಿಲ್ಡಾ.

ಹೊರಡುವ ಮುನ್ನ ಅವಳು ಕ್ಲಬ್ಬಿನ ಒಳಗೆ ಹೋಗಿ ಗೋಡೆ ನೋಡಿದಳು. ಆರ್ವಲನ ಹೆಸರಿನ ಕೆಳಗಿದ್ದದ್ದು ಸವೆದು ಜಾಲರಿಯಾದ ಒಂದು ನೀಲಿ ಬಟ್ಟೆ, ಅದರ ಮೇಲೆ ಎಂದೋ ಕೊಟ್ಟಿಗೆಗೆ ಬಣ್ಣ ಬಳಿದಾಗ ಸಿಡಿದ ಕಲೆಗಳು. ಗಾರ್ಲಂಡನಿಗೆ ಅದೂ ಒಂದು ದೂರು. ಟರ್ಕಿ ಪಂದ್ಯಕ್ಕೆ ಅಪ್ಪ ಪ್ರತಿ ವರ್ಷ ತನ್ನ ತಂದೆಯ ಕೆಂಪು ಉಣ್ಣೆಯ ಅಂಗಿ ಹಾಕಿ ಬರುವುದು ರೂಢಿ, ಈ ಸಲ ಯಾಕೋ ಈ ಒರೆಸೋ ಬಟ್ಟೆ ತೊಟ್ಟು ಬಂದಿದ್ದ, ತಾನು ಬೆಳಿಗ್ಗೆ ನೋಡಿ ಗದರಿದ್ದೆ ಎಂದ. ಕ್ಲಬ್ಬಿನ ರೂಢಿಯಂತೆ ಕತ್ತರಿ ಹಿಡಿಯಬೇಕಾದವನು ಮಗನೇ ಆದ್ದರಿಂದ ಆ ಕೆಲಸ ತನ್ನ ಪಾಲಿಗೆ ಬಂತೆಂದೂ ಹೇಳಿದ. ಅದನ್ನು ಹೇಳುವಾಗ ಅವನ ಗೊಣಗು ನಿಂತಿತ್ತು.

ಮಧ್ಯಾಹ್ನ ಪ್ರಾಪ್ಸ್ಟರ ಮನೆಯಲ್ಲಿ ರೀವಾ ಬೇಯಿಸಿದ ಬೀನ್ಸು, ಜೋಳದ ಬ್ರೆಡ್ಡು ಬಡಿಸಿದಳು. ಆರ್ವಲ್ ಮೇಜಿನ ತುದಿಯಲ್ಲಿ ಕೂತು ಚಮಚ ಆಡಿಸುತ್ತಿದ್ದನೇ ಹೊರತು ತಿನ್ನುತ್ತಿರಲಿಲ್ಲ. ಇಡೀ ಕಣಿವೆಯಲ್ಲಿ ಅತಿ ಒಳ್ಳೆಯ ಗುರಿಕಾರ ಎನಿಸಿಕೊಂಡವನು, ಎರಡು ದಿನದಲ್ಲಿ ಹತ್ತು ವರ್ಷ ಮುದಿಯಾದಂತಿದ್ದ. ಕಿಟಕಿಯ ಪಕ್ಕದ ಗೂಟದಲ್ಲಿ ಕೆಂಪು ಉಣ್ಣೆಯ ಅಂಗಿ ತೂಗಾಡುತ್ತಿತ್ತು.

"ಶನಿವಾರ ಇದನ್ನ ಹಾಕ್ಕೊಳ್ಳಲಿಲ್ಲವಾ, ಆರ್ವಲ್?" ಎಂದು ವಿಲ್ಡಾ ಮಾತಿಗೆ ಮಾತೆಂಬಂತೆ ಕೇಳಿದಳು.

ಉತ್ತರ ಬಂದದ್ದು ರೀವಾಳಿಂದ. ಹಿಂದಿನ ದಿನ ಒಗೆಯಲು ಹಾಕಿದ್ದೆ, ಒಣಗಿರಲಿಲ್ಲ ಎಂದು ಹೇಳಿ ಬೆಣ್ಣೆ ತರಲು ಎದ್ದಳು. ಲೇಸರಿನ ಬಗ್ಗೆ ಕೇಳಿದಾಗ ಅವಳು ಅದರ ಹೆಸರೆತ್ತದೆ ಬರೀ "ಆ ಸಾಮಾನು" ಅನ್ನುತ್ತಿದ್ದಳು. ಫ್ರಿಜ್ಜಿನ ಮೇಲೆ ಕೈಯಾರೆ ಹೆಣೆದ ಒಂದು ಉಣ್ಣೆಯ ಚೀಲವಿತ್ತು. ಅದರಲ್ಲೇನು ಎಂದು ವಿಲ್ಡಾ ಕೇಳಿದ್ದಕ್ಕೆ ಆರ್ವಲ್ ಹೇಳಿದ: ಅದು ರೀವಾಳ ಪುಟ್ಟ ದುರ್ಬೀನು. ಎರಡು ವರ್ಷದಿಂದ ಪ್ರತಿ ಶನಿವಾರ ಅವನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಅದರಲ್ಲಿ ನೋಡಿ, ಒಂಚೂರು ಎಡಕ್ಕೆ, ಒಂಚೂರು ಮೇಲಕ್ಕೆ ಎಂದು ಅವನಿಗೆ ಹೇಳುತ್ತಿದ್ದವಳು ಅವಳೇ.

"ಪಾಪ, ಎರಡು ಚಳಿಗಾಲ ನನ್ನ ದೆಸೆಯಿಂದ ನಡುಗಿದಳು," ಅಂದ. "ಅವಳ ಕಷ್ಟ ತಪ್ಪಿಸೋಣ ಅಂತ ಹೊರಟೆ. ನೋಡು ಏನಾಯ್ತು."

ರೀವಾ ಬೆಣ್ಣೆಯ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಆಯಿತು.

ವಾಪಸ್ಸು ಬರುವಾಗ ದಾರಿಯಲ್ಲಿ ಟೆಸ್ಸಾ ಸಿಕ್ಕಿ ಗಾಡಿ ನಿಲ್ಲಿಸಿದಳು. ತನ್ನಿಂದ ವಿಲ್ಡಾಳಿಗೆ ಇಷ್ಟು ತೊಂದರೆ ಎಂದು ಹುಡುಗಿಗೆ ಸಂಕೋಚ. ಬುಧವಾರ ಕ್ಲಬ್ಬಿಗೆ ತಾನೇ ಬಂದು ಕರೆದೊಯ್ಯುತ್ತೇನೆ, ಪಾಪ ಡೆನ್ಜಿಲ್ ತಾತ ಮನೆಯಲ್ಲಿ ಆರಾಮಾಗಿರಲಿ, ಎಷ್ಟು ಅಂತ ಓಡಿಸುತ್ತಾರೆ ಎಂದಳು. ಡೆನ್ಜಿಲ್ ಸ್ಟೇರಿಂಗ್ ಹಿಡಿದು ಮುಂದಿನ ಗಾಜನ್ನೇ ನೋಡುತ್ತಾ ಕೂತ. ಒಳ್ಳೆಯ ಮಾತನ್ನೇ ಆಡಿದ್ದಳು, ಅದೇ ಅವನಿಗೆ ಉರಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಟೆಸ್ಸಾ ಹೋದ ಮೇಲೆ ವಿಲ್ಡಾ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಡೆನ್ಜಿಲ್, ಈಗ ನಿನಗೇನನ್ನಿಸ್ತಿದೆ? ನಿಜ ಹೇಳು."

"ಏನೂ ಇಲ್ಲ."

"ಹೇಳಯ್ಯ."

"ಆ ಹುಡುಗಿ ಗಾಡಿಯ ಗಾಳಿ ಬಿಟ್ಟುಬಿಡೋಣ ಅನ್ನಿಸ್ತಿದೆ," ಅಂದ ಡೆನ್ಜಿಲ್. "ಬುಧವಾರ ಬೆಳಿಗ್ಗೆ. ನಾಲ್ಕೂ ಚಕ್ರದ್ದು. ಆರಾಮಾಗಿರು ಅಂತೆ. ಆರಾಮಾಗಿರೋಕೆ ನಾನೇನು ಕಾಯಿಲೆ ಬಿದ್ದಿದ್ದೀನಾ?"

ವಿಲ್ಡಾ ನಗಲಿಲ್ಲ. ಗಾಡಿ ಓಡಿಸು ಎಂದಷ್ಟೇ ಹೇಳಿ, ಮನೆ ಬರುವ ತನಕ ಮೊಣಕಾಲು ನೀವಿಕೊಳ್ಳುತ್ತಾ ಕೂತಳು. ಇಳಿಯುವಾಗ, ಬುಧವಾರ ನೀನೇ ಕರೆದೊಯ್ಯಬೇಕು, ಪ್ರಾಪ್ಸ್ಟರ ಮನೆಯವರೆಲ್ಲ ಬರುವಂತೆ ನೋಡಿಕೊಳ್ಳಬೇಕು, ರೀವಾ ಕೂಡ ಎಂದಳು.

ಬುಧವಾರ ಮಧ್ಯಾಹ್ನ ಕ್ಲಬ್ಬಿನ ಕೋಣೆಯಲ್ಲಿ ಸೌದೆ ಒಲೆ ಉರಿಯುತ್ತಿತ್ತು. ಸದಸ್ಯರು ಬೆಂಚುಗಳಲ್ಲಿ ಸಾಲಾಗಿ ಕೂತಿದ್ದರು. ಡಾರ್ಸಿ ಮುಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು, ಟೆಸ್ಸಾ ಬಾಗಿಲ ಬಳಿ ನಿಂತುಕೊಂಡು, ಆರ್ವಲ್ ಮತ್ತು ರೀವಾ ಒಲೆಯ ಹತ್ತಿರ ಅಕ್ಕಪಕ್ಕದಲ್ಲಿ. ಮೇಜಿನ ಮೇಲೆ ರೈಫಲ್ ಇತ್ತು. ವಿಲ್ಡಾ ಕುರ್ಚಿಯಲ್ಲಿ ಕೂತೇ ಮಾತು ಶುರು ಮಾಡಿದಳು.

"ಡಾರ್ಸಿ, ಸಾಮಾನು ಅಲುಗಾಡಿ ಸಡಿಲವಾಗಿದೆ ಅಂತ ನೀನು ಹೇಳಿದೆ. ಇಪ್ಪತ್ತೆರಡರ ರೈಫಲ್ ಎಷ್ಟು ಒದೆಯುತ್ತೆ?"

ಮಗುವಿನ ಕೈಯಲ್ಲೂ ಒದೆಯುವುದಿಲ್ಲವೆಂದು ಡಾರ್ಸಿ ಒಪ್ಪಿಕೊಳ್ಳಬೇಕಾಯಿತು.

"ಸಡಿಲವಾಗಿದ್ದರೆ ಎರಡು ಗುಂಡು ಎರಡು ಕಡೆ ಹೋಗಬೇಕು. ಇವೆರಡೂ ದಿಬ್ಬದಲ್ಲಿ ಒಂದೇ ಹೆಬ್ಬೆರಳಿನ ಕೆಳಗೆ ಕೂತಿವೆ. ಬಿಗಿಪಟ್ಟಿಯ ಗೆರೆಗಳು ಹಾಗೇ ಇವೆ, ಬಂದು ನೋಡು. ಟೆಸ್ಸಾ ಕೂರಿಸಿದ್ದು ಕಲ್ಲಿನ ಹಾಗೆ ಕೂತಿದೆ. ಮುರಿದಿರೋದು ಒಂದೇ ಗೆರೆ, ಎಡಬಲದ್ದು. ಅದನ್ನ ಕೀಲಿ ಹಾಕಿ ಮನುಷ್ಯರೇ ತಿರುಗಿಸಬೇಕು."

ಡಾರ್ಸಿ ಎದ್ದು ಬಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಟೆಸ್ಸಾಳ ಕಡೆ ಒಮ್ಮೆ ಕಣ್ಣು ಹಾಯಿಸಿ ತನ್ನ ಜಾಗಕ್ಕೆ ಹೋಗಿ ಕೂತ.

ಹಾಗಾದರೆ ತಿರುಗಿಸಿದ್ದು ಯಾರು ಎಂಬ ಪ್ರಶ್ನೆಗೆ ವಿಲ್ಡಾ ಅವಸರ ಮಾಡಲಿಲ್ಲ. ಮೊದಲು ಡಾರ್ಸಿಯನ್ನೇ ಎತ್ತಿಕೊಂಡಳು. ಅವನಿಗೆ ಹೊಟ್ಟೆಕಿಚ್ಚಿತ್ತು, ಅದು ನಿಜ. ತಾನು ಕೆಲಸ ಕಲಿಸಿದ ಹುಡುಗಿ ತನ್ನ ಗಿರಾಕಿಯನ್ನು ಅಗ್ಗದಲ್ಲಿ ಖುಷಿಪಡಿಸಿದಳೆಂದು. ಆದರೆ ಅಗ್ಗದ ಸಾಮಾನು ಸಡಿಲವಾಗುತ್ತದೆಂದು ತೋರಿಸಬೇಕಿದ್ದರೆ ಅವನು ಬಿಗಿಪಟ್ಟಿಯನ್ನೇ ಸಡಿಲಿಸುತ್ತಿದ್ದ. ಅಲ್ಲದೆ ಬಿಳಿ ಗೆರೆಯ ಅರ್ಥ ಅವನಿಗೆ ಚೆನ್ನಾಗಿ ಗೊತ್ತು. ಸ್ಕ್ರೂ ತಿರುಗಿಸಿದ ಮೇಲೆ ಒಂದು ಹನಿ ಬಣ್ಣದಿಂದ ಗೆರೆಯನ್ನು ಮತ್ತೆ ಎಳೆದುಬಿಡುತ್ತಿದ್ದ. ಗೆರೆ ಎಳೆದ ಟೆಸ್ಸಾಳ ವಿಷಯವೂ ಅಷ್ಟೇ. ಗಾರ್ಲಂಡನಿಗೆ ಅಪ್ಪನ ರೈಫಲಿನ ಮೇಲೆ ಕಣ್ಣಿತ್ತು, ಅದೂ ನಿಜ. ಆದರೆ ಗೆರೆ ಯಾಕೆ ಎಂದು ಹೋದ ಬುಧವಾರ ಕೇಳಿ ತಿಳಿದುಕೊಂಡವನು ಅವನೇ. ಅವನೂ ಅದನ್ನು ಮುರಿದು ಹಾಗೇ ಬಿಡುತ್ತಿರಲಿಲ್ಲ.

"ಗೆರೆ ಮುರಿದು ಹಾಗೇ ಬಿಟ್ಟವರಿಗೆ ಆ ಗೆರೆ ಯಾಕಿದೆ ಅಂತ ಗೊತ್ತಿರಲಿಲ್ಲ," ಅಂದಳು ವಿಲ್ಡಾ. "ಅಂದರೆ ಅವರು ಹೋದ ಬುಧವಾರ ಇಲ್ಲಿರಲಿಲ್ಲ. ಆದರೆ ಗುರಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಚುಕ್ಕಿಯನ್ನ ಬಲಕ್ಕೆ ಸರಿಸಿದರೆ ಗುಂಡು ಹೋಗೋದು ಎಡಕ್ಕೆ. ಗೊತ್ತಿಲ್ಲದವರು ಅದನ್ನ ಉಲ್ಟಾ ಮಾಡ್ತಾರೆ. ಇವರು ತಪ್ಪು ಮಾಡಲಿಲ್ಲ. ಬಲಗಡೆ ಬಯಲಿನಲ್ಲಿ ಮಕ್ಕಳಿರ್ತಾರೆ ಅಂತ ಗೊತ್ತಿದ್ದು ಗುಂಡನ್ನ ಎಡ ದಿಬ್ಬಕ್ಕೆ ಕಳಿಸಿದರು. ಮೇಲೆ ಕೆಳಗಿನ ಸ್ಕ್ರೂ ಮುಟ್ಟಲೇ ಇಲ್ಲ, ಗುಂಡು ದಿಬ್ಬ ಹಾರಿ ಹೋಗಬಾರದಲ್ಲ. ಆರ್ವಲ್‌ಗೆ ಗುರಿ ತಪ್ಪಬೇಕಿತ್ತು, ಆದರೆ ಯಾರಿಗೂ ಗೀರು ಗಾಯ ಆಗಬಾರದಾಗಿತ್ತು."

ಡೆನ್ಜಿಲನಿಗೆ ಹಠಾತ್ತನೆ ಎಲ್ಲ ಹೊಳೆಯಿತು, ಹೊಳೆದದ್ದಕ್ಕೆ ಸಂತೋಷವಾಗಲಿಲ್ಲ.

"ಇನ್ನೊಂದು ವಿಷಯ," ವಿಲ್ಡಾ ಗೋಡೆಯ ನೀಲಿ ತುಂಡಿನ ಕಡೆ ಕೋಲು ಚಾಚಿದಳು. "ಹಲಗೆ ತಪ್ಪಿಸಿದವನ ಅಂಗಿ ಕತ್ತರಿಸ್ತೀವಿ. ಆರ್ವಲ್ ಪ್ರತಿ ವರ್ಷ ಅವನಪ್ಪನ ಅಂಗಿ ಹಾಕ್ಕೊಂಡು ಬರ್ತಾನೆ. ಈ ವರ್ಷ ಪಂದ್ಯದ ಹಿಂದಿನ ದಿನ ಅದು ಒಗೆಯೋಕೆ ಹೋಯಿತು, ಅವನ ಮೈಮೇಲೆ ಕತ್ತರಿಸಿದರೂ ನಷ್ಟವಿಲ್ಲದ ಅಂಗಿ ಬಂತು. ಅವನು ಇನ್ನೂ ಬಂದೂಕು ಎತ್ತುವ ಮುಂಚೆನೇ, ಗುರಿ ತಪ್ಪುತ್ತೆ ಅಂತ ಒಬ್ಬರಿಗೆ ಗೊತ್ತಿತ್ತು. ಹೆಸರು ನಾನು ಹೇಳಲ್ಲ. ಟೆಸ್ಸಾಳ ಹೆಸರು ಉಳಿಸೋಕೆ ಇಷ್ಟು ಸಾಕು."

"ಸಾಲದು," ಅಂದಳು ರೀವಾ.

ಅವಳು ಎದ್ದು ನಿಂತಿದ್ದಳು. ಕೋಟಿನ ಗುಂಡಿಯನ್ನು ಹಾಕುತ್ತಾ ಬಿಚ್ಚುತ್ತಾ, ಮೊದಲು ಟೆಸ್ಸಾಳ ಕಡೆ ತಿರುಗಿದಳು.

"ನಾನೇ ಮಾಡಿದ್ದು. ಜನ ಆ ಸಾಮಾನನ್ನ ಬೈದು ಎಸೀತಾರೆ ಅಂದ್ಕೊಂಡಿದ್ದೆ. ನಿನ್ನನ್ನ ಬೈತಾರೆ ಅಂತ ಯೋಚನೆ ಬರಲಿಲ್ಲ. ಬೈದದ್ದು ತಿಳಿದ ಮೇಲೂ ಬಾಯಿ ಬಿಡಲಿಲ್ಲ, ಅದು ದೊಡ್ಡ ತಪ್ಪು."

ಆರ್ವಲ್ ಹೆಂಡತಿಯ ಮುಖ ಇದ್ದ ಕಡೆಗೆ ತಲೆ ಎತ್ತಿದ. "ಊರೆಲ್ಲ ಎದುರಿಗೆ ನಿಂತು ನಗ್ತಿತ್ತು, ರೀವಾ. ನನ್ನ ಮಗ ಕತ್ತರಿ ಹಿಡಿದಿದ್ದ. ಆಗ ನೀನು ಮನೇಲಿ ಕೂತಿದ್ದೆ."

"ಮನೇಲಿ ಕೂತ್ಕೋ ಅಂತ ನೀನೇ ಅಲ್ವಾ ಹೇಳಿದ್ದು?"

"ಚಳಿಗೆ ನಿನ್ನ ಬೆರಳೆಲ್ಲ ಸೆಟೆದುಕೊಳ್ತಿದ್ದವು. ನೋಡೋಕಾಗ್ತಿರಲಿಲ್ಲ."

"ಚಳಿ ಅಂತ ನಾನು ಒಂದಿನವಾದರೂ ಹೇಳಿದ್ನಾ?" ಅಂದಳು ರೀವಾ. "ಮದುವೆಯಾದಾಗಿಂದ ಪ್ರತಿ ಶನಿವಾರ ನೀನು ಈ ಕ್ಲಬ್ಬಿಗೆ ಬಂದೆ, ನಾನು ಕಿಟಕೀಲಿ ನಿಂತು ನಿನ್ನ ಗಾಡಿ ಹೋಗೋದು ನೋಡಿದೆ. ನಿನ್ನ ಕಣ್ಣು ಹೋದಾಗ ಅತ್ತೆ. ಆಮೇಲೆ ನೀನು ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ದೇವರು ಕ್ಷಮಿಸಲಿ, ಆ ಎರಡು ವರ್ಷ ನನಗೆ ಎಷ್ಟು ಸುಖವಾಗಿತ್ತು ಅಂದ್ರೆ, ನಿನ್ನ ಕಣ್ಣು ವಾಪಸ್ಸು ಬರಲಿ ಅಂತ ಬೇಡಿಕೊಳ್ಳೋದನ್ನೂ ಬಿಟ್ಟಿದ್ದೆ. ಅಷ್ಟರಲ್ಲಿ ಆ ಸಾಮಾನು ಬಂತು. ಒಂದು ಬೆರಳುದ್ದ ಇಲ್ಲ, ಅದರ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತು ಅಂತೀಯ. ಬೇರೆ ಹೆಂಗಸು ಬಂದಿದ್ದರೂ ಅಷ್ಟು ಬರುತ್ತಿರಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಗಲು ಹೊರಟು ಕೆಮ್ಮಿ ಸುಮ್ಮನಾದರು. ಡೆನ್ಜಿಲ್ ನಗಲಿಲ್ಲ. ನಾಲ್ಕು ಚಕ್ರದ ಗಾಳಿಯ ಮಾತು ಅವನಿಗೆ ನೆನಪಾಗಿ ಕಿವಿ ಬಿಸಿಯಾಯಿತು. ವಿಲ್ಡಾ ದಾರಿಯಲ್ಲಿ ತನ್ನ ಮುಖದಲ್ಲಿ ಏನು ಓದಿದ್ದಳೆಂದು ಈಗ ಅರ್ಥವಾಯಿತು. ಈ ಗುಟ್ಟು ಬಿಡಿಸುವುದರಲ್ಲಿ ತನ್ನದೂ ಪಾಲಿದೆ ಎಂದು ಊರಿಗೆ ಹೇಳಿಕೊಳ್ಳಬಹುದಿತ್ತು, ಆದರೆ ಹೇಳಿಕೊಳ್ಳುವಂಥ ಪಾಲು ಅದಲ್ಲ.

ಡಾರ್ಸಿ ಎ‍ದ್ದು ಗಂಟಲು ಸರಿಮಾಡಿಕೊಂಡ. ಬೆಂಚು ಟೆಸ್ಸಾಳದೇ, ಹೊಸ ವರ್ಷದ ತನಕ ಕಾಯಬೇಕಾಗಿಲ್ಲ, ನಾಳೆಯಿಂದಲೇ ಎಂದ. ತಾನು ಕೂಗಾಡಿದ್ದು ತಪ್ಪಾಯಿತೆಂದು ಎಲ್ಲರೆದುರು ಹೇಳಿದ. ಹೇಳುವಾಗ ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಆದರೆ ಪೂರ್ತಿ ಹೇಳಿದ. ಡೆನ್ಜಿಲ್ ಮನಸ್ಸಿಲ್ಲದ ಮನಸ್ಸಿನಿಂದ ಅವನನ್ನು ಮೆಚ್ಚಿದ.

ಟೆಸ್ಸಾ ಮಾತ್ರ ಬಾಗಿಲು ಬಿಟ್ಟು ಮುಂದೆ ಬಂದು ರೀವಾಳ ಎದುರು ನಿಂತಳು.

"ನಂಗಿನ್ನೂ ಸಿಟ್ಟು ಹೋಗಿಲ್ಲ, ರೀವಾ ಅಜ್ಜಿ," ಅಂದಳು. "ನಾಲ್ಕು ದಿನ ಅಂಗಡಿ ಬೀದೀಲಿ ತಲೆ ಎತ್ತಿ ನಡೆದಿಲ್ಲ. ಸುಮ್ಮನೆ ಕ್ಷಮಿಸಿಬಿಡೋಕೆ ನನಗೆ ಬರಲ್ಲ. ಆದರೆ ಇಲ್ಲಿರೋರೆಲ್ಲ ನನ್ನ ಕೆಲಸ ಸರಿ ಇತ್ತು ಅಂತ ಕಣ್ಣಾರೆ ನೋಡಬೇಕು. ಕೀಲಿ ತಗೊಳ್ಳಿ. ಎಷ್ಟು ತಿರುಗಿಸಿದ್ದಿರೋ ಅಷ್ಟು ವಾಪಸ್ಸು ತಿರುಗಿಸಿ."

ಎಲ್ಲರೂ ಮೈದಾನಕ್ಕೆ ಹೋದರು. ಬಿಸಿಲು ಗುಡ್ಡದ ಹಿಂದಕ್ಕೆ ಸರಿದು ಹಲಗೆಯ ಮೇಲೆ ನೆರಳು ಬಿದ್ದಿತ್ತು. ರೀವಾ ಬಗ್ಗಿ, ಮುರಿದ ಗೆರೆಯ ಎರಡು ತುಂಡುಗಳು ಮತ್ತೆ ಒಂದಾಗುವ ತನಕ ಪುಟ್ಟ ಕೀಲಿಯನ್ನು ತಿರುಗಿಸಿದಳು. ಟೆಸ್ಸಾ ಬಗ್ಗಿ ನೋಡಿ ತಲೆಯಾಡಿಸಿದಳು.

ಆರ್ವಲ್ ಹೆಂಡತಿಯ ಕಡೆ ನೋಡದೆ ರೈಫಲ್ ತೆಗೆದುಕೊಂಡು ಮೇಜಿಗೆ ಒರಗಿ ಕೂತ. ದೂರದ ಬಿಳಿ ಕಾಗದದ ಮೇಲೆ ಹಸಿರು ಚುಕ್ಕಿ ಬಂದು ಅಲ್ಲಿ ಇಲ್ಲಿ ಅಲೆದಾಡಿ, ನಿಧಾನವಾಗಿ ನಡುವಿಗೆ ಬಂದು ನಿಂತಿತು. ಗುಂಡು ಹಾರಿತು. ಬಾಗಿ ನೋಡುತ್ತಿದ್ದ ಡೆನ್ಜಿಲನಿಗೆ ಅಷ್ಟು ದೂರದಿಂದ ತೂತು ಕಾಣಲಿಲ್ಲ. ತನಗೇ ಕಾಣದ್ದು ಆ ಮುದುಕನಿಗೆ ಹೇಗೆ ಕಾಣಬೇಕು ಎಂದು ಅವನಿಗೆ ಆಗ ಹೊಳೆಯಿತು.

ಡಾರ್ಸಿ ಮೂರು ಕಾಲಿನ ಮೇಲೆ ನಿಲ್ಲಿಸಿದ್ದ ತನ್ನ ದೊಡ್ಡ ದುರ್ಬೀನಿನಲ್ಲಿ ಆಗಲೇ ನೋಡಿಯಾಗಿತ್ತು. ಹೇಳಲು ಬಾಯಿ ತೆರೆದ. ಆರ್ವಲ್ ರೈಫಲನ್ನು ಮೇಜಿನ ಮೇಲಿಟ್ಟು, ಅವನತ್ತ ಸುಮ್ಮನಿರು ಎಂಬಂತೆ ಕೈ ಎತ್ತಿದ.

"ರೀವಾ," ಅಂದ. "ಎಲ್ಲಿ ಬಿತ್ತು?"

ಡಾರ್ಸಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ರೀವಾ ದುರ್ಬೀನಿಗೆ ಕಣ್ಣಿಟ್ಟಳು, ತೆಗೆದಳು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಇಟ್ಟಳು.

"ನಡುವೇ," ಅಂದಳು. "ಒಂದು ಕೂದಲೆಳೆ ಎಡಕ್ಕೆ."

ಆರ್ವಲ್ ತಲೆಯಾಡಿಸಿ ಇನ್ನೊಂದು ಗುಂಡು ತುಂಬಿದ.

"ಅಲ್ಲೇ ಇರು," ಅಂದ. "ಇದನ್ನೂ ನೋಡಿ ಹೇಳು."